ಅರ್ಜಿ ಹಿಡಿದು ಐವರ್ನಾಡಿಗೆ

ಶನಿವಾರ ಬೆಳಿಗ್ಗೆ ಎಂಟೂಕಾಲಕ್ಕೆ ದರ್ಬೆಯ ಹಾಸ್ಟೆಲಿನಿಂದ ಹೊರಟೆ. ಚೀಲದಲ್ಲಿ ಕಾಲೇಜಿನ ಪತ್ರ, ಆಧಾರ್ ಕಾರ್ಡು, ನೀರಿನ ಬಾಟಲಿ ಇದ್ದವು. ಐವರ್ನಾಡಿನ ಒಂದು ನಾಟಕ ತಂಡದಲ್ಲಿ ಆರು ವಾರ ಕೆಲಸ ಕಲಿಯಲು ಅವಕಾಶ ಕೇಳಬೇಕಿತ್ತು. ನಮ್ಮ ಪದವಿಗೆ ಅಂಥದೊಂದು ಪ್ರಮಾಣಪತ್ರ ಕಡ್ಡಾಯ. ಗೆಳತಿಯರು ಬ್ಯಾಂಕು, ಪತ್ರಿಕೆ ಎಂದು ಹಂಚಿಹೋಗಿದ್ದರು. ನಾನು ನಾಟಕ ಎಂದಾಗ ವಿಭಾಗದ ಮೇಡಂ ಪೆನ್ನು ಕೆಳಗಿಟ್ಟು ನನ್ನನ್ನೇ ನೋಡಿದ್ದರು.

ಕಾರಣವಿತ್ತು. ನನಗೆ ಉಗ್ಗು. ಪ, ಕ, ಬ ಅಕ್ಷರಗಳಿಂದ ಶುರುವಾಗುವ ಮಾತು ತುಟಿಯವರೆಗೆ ಬಂದು ನಿಂತುಬಿಡುತ್ತದೆ. ಹೆಸರೇ ಪ್ರತಿಮಾ, ಊರು ಕಡಬ.

"ಸೋಮವಾರದೊಳಗೆ ಅವರ ಒಪ್ಪಿಗೆ ತಾ. ಇಲ್ಲದಿದ್ರೆ ನಮ್ಮ ಆಫೀಸಲ್ಲೇ ಫೈಲು ಜೋಡಿಸು" ಎಂದು ಮೇಡಂ ಸಹಿ ಹಾಕಿದ್ದರು.

ಸುಳ್ಯದ ಸರ್ಕಾರಿ ಬಸ್ಸು ಎಂಟೂಮುಕ್ಕಾಲಕ್ಕೆ ಬಂತು. ನಾನು ಇಳಿಯಬೇಕಾದದ್ದು ಸುಳ್ಯಕ್ಕಿಂತ ಮೊದಲು ಸಿಗುವ ಪೈಚಾರಿನಲ್ಲಿ. ಅಲ್ಲಿ ಬೆಳ್ಳಾರೆಯ ಬಸ್ಸು ಹಿಡಿದರೆ ಹತ್ತೂಕಾಲಕ್ಕೆ ಐವರ್ನಾಡು; ತಂಡದವರು ಬರಹೇಳಿದ್ದು ಹತ್ತೂವರೆಗೆ. ಹೆಂಗಸರಿಗೆ ಟಿಕೆಟ್ ಸೊನ್ನೆಯಾದರೂ ಇಳಿಯುವ ಊರನ್ನು ಬಾಯಿಬಿಟ್ಟು ಹೇಳಲೇಬೇಕು. ಕಂಡಕ್ಟರ್ ಎದುರು ಬಂದು ನಿಂತರು. ನಾನು ತುಟಿ ಸೇರಿಸಿದೆ. ಬಿಡಿಸಲಾಗಲಿಲ್ಲ. ಹಿಂದಿನ ಸೀಟಿನವರು ಬಗ್ಗಿ ನೋಡಿದರು.

"ಬೇಗ ಹೇಳಿ ಮಾರಾಯ್ರೆ, ಬಸ್ಸಿಡೀ ಜನ ಉಂಟು."

"ಸುಳ್ಯ" ಎಂದೆ. ಆ ಹೆಸರು ನನಗೆ ಸಲೀಸು.

ಕುಂಬ್ರ, ಕಾವು, ಜಾಲ್ಸೂರು ದಾಟಿದವು. ಪೈಚಾರಿನಲ್ಲಿ ಎದ್ದು ಇಳಿದುಬಿಡೋಣವೆಂದರೆ ನಾನು ಕಿಟಕಿಯ ಬದಿಯಲ್ಲಿ ಸಿಕ್ಕಿಕೊಂಡಿದ್ದೆ. ನಿಲ್ಲಿಸಿ ಎಂದು ಕೂಗುವ ಧೈರ್ಯವಾಗಲಿಲ್ಲ. ಅಲ್ಲಿಂದ ಸ್ವಲ್ಪ ಮುಂದೆ ಬೆಳ್ಳಾರೆಯ ಬಸ್ಸು ಎದುರಿನಿಂದ ಬಂದು ನಮ್ಮನ್ನು ದಾಟಿ ಹೋಯಿತು. ನಾನು ಹತ್ತಬೇಕಾದ ಬಸ್ಸು ಅದೇ. ಅದರ ಬೋರ್ಡನ್ನು ಕತ್ತು ತಿರುಗಿಸಿ ಓದಿದೆ.

ಸುಳ್ಯ ನಿಲ್ದಾಣದಲ್ಲಿ ಬಿಸಿಲು ಆಗಲೇ ಕಾದಿತ್ತು. ಮುಂದಿನ ಬಸ್ಸು ಹತ್ತೂಮುಕ್ಕಾಲಕ್ಕೆ ಎಂದರು. ಹೋಟೆಲಿನಲ್ಲಿ ಗೋಳಿಬಜೆ ತೆಗೆದುಕೊಂಡೆ. ಒಂದು ತಿಂದು ಉಳಿದದ್ದನ್ನು ಹಾಗೇ ಬಿಟ್ಟೆ. ತಂಡಕ್ಕೆ ಫೋನ್ ಮಾಡಿ ತಡವಾಗುತ್ತದೆ ಎನ್ನಬಹುದಿತ್ತು. ನಂಬರ್ ಒತ್ತಿದೆ, ಗಂಟೆ ಹೊಡೆಯುವ ಮೊದಲೇ ಕಟ್ ಮಾಡಿದೆ. ಎರಡು ಸಲ.

ಐವರ್ನಾಡಿನಲ್ಲಿ ಇಳಿದಾಗ ಹನ್ನೊಂದೂಕಾಲು. ರಬ್ಬರ್ ತೋಟದ ನಡುವಿನ ಮಣ್ಣುದಾರಿಯಲ್ಲಿ ಹತ್ತು ನಿಮಿಷ ನಡೆದರೆ ತಂಡದ ತಾಲೀಮಿನ ಜಾಗ. ಹಿಂದೆ ರಬ್ಬರ್ ಶೀಟು ಇಡುತ್ತಿದ್ದ, ಕಿಟಕಿಗಳಿಲ್ಲದ ಗೋದಾಮು. ಒಳಗೆ ತಾಲೀಮು ನಡೆದಿತ್ತು. ತಂಡ ನಡೆಸುವ ವಿಠಲ ಮಾಸ್ಟ್ರು ಕೈ ಎತ್ತಿ ಎಲ್ಲರನ್ನೂ ನಿಲ್ಲಿಸಿದರು.

"ಹತ್ತೂವರೆಗೆ ಹೇಳಿದ್ದಲ್ವಾ? ಬಸ್ಸು ತಡವಾ?"

ಹೌದು ಎಂದಿದ್ದರೆ ಮುಗಿಯುತ್ತಿತ್ತು. ಆದರೆ ಇಷ್ಟು ದೂರ ಬಂದು ಸುಳ್ಳಿನಿಂದ ಶುರು ಮಾಡಲು ಮನಸ್ಸಾಗಲಿಲ್ಲ. "ಇಲ್ಲ ಸರ್. ಪ... ಪ... ಪೈಚಾರು ಅಂತ ಹೇಳ್ಲಿಕ್ಕೆ ಆಗ್ಲಿಲ್ಲ. ಸುಳ್ಯಕ್ಕೆ ಹೋದೆ" ಎಂದೆ. ಮುಗಿಯುವಷ್ಟರಲ್ಲಿ ಬೆನ್ನೆಲ್ಲ ಬೆವರಿತ್ತು. ಒಬ್ಬ ನಟ ಮುಖ ತಿರುಗಿಸಿದ. ಮಾಸ್ಟ್ರು ಪತ್ರ ಓದಿ ಮಡಚಿದರು.

"ನಮಗೆ ಜನ ಬೇಕಾದ್ದು ಒಂದೇ ಕಡೆ. ಲೈಟಿನವರ ಹತ್ರ ಕೂತು ಯಾವಾಗ ಬದಲಿಸ್ಬೇಕು ಅಂತ ಹೇಳುದು. ಬಾಯಲ್ಲೇ ಹೇಳುದು. ಆಗ್ತದಾ?"

"ನೋಡ್ತೇನೆ" ಎಂದೆ.

ಲೈಟು ನಡೆಸುವವರು ಸುಮಿತ್ರಕ್ಕ. ಬೆಳಗಿನ ಜಾವ ಐದಕ್ಕೆದ್ದು ತಮ್ಮ ತೋಟದ ರಬ್ಬರ್ ಮರ ಗೀರಿ ಹಾಲು ಇಳಿಸುವ ಟ್ಯಾಪಿಂಗ್ ಮುಗಿಸಿ ಬರುವವರು. ಪಕ್ಕದಲ್ಲಿ ಕೂರಿಸಿಕೊಂಡು ಕೈಗೆ ನಾಟಕದ ಪ್ರತಿ ಕೊಟ್ಟರು. ಕೆಂಪು ಗೆರೆ ಬಂದಲ್ಲಿ ಬದಿಯಲ್ಲಿ ಬರೆದ ಮಾತನ್ನು ಹೇಳಬೇಕು. 'ಒಂದು', 'ಎರಡು', 'ಏಳು' ಎಂಬ ಲೈಟಿನ ನಂಬರುಗಳು ಸರಾಗವಾಗಿ ಬಂದವು. ಪುಟ ತಿರುಗಿಸಿದೆ. ಕೆಂಪು ಗೆರೆಯ ಬದಿಯಲ್ಲಿ 'ಕತ್ತಲೆ' ಎಂದಿತ್ತು.

ವೇದಿಕೆಯಲ್ಲಿ ಸೈನಿಕನೊಬ್ಬ ಗುಂಡು ತಗಲಿ ಬೀಳಬೇಕು. ಬೀಳುವ ಮೊದಲು ಬೆಳಕು ಆರಬೇಕು. ಗುಂಡಿನ ಸದ್ದು ಬಂತು. "ಕ... ಕ..." ಬೆಳಕು ಉರಿಯುತ್ತಲೇ ಇತ್ತು. ಆತ ಎದೆ ಹಿಡಿದುಕೊಂಡು ನಿಂತೇ ಇದ್ದ. ಕೊನೆಗೆ ತಾನೇ ಮೆಲ್ಲನೆ ಕೂತ. ಯಾರೋ ನಕ್ಕರು.

"ಪುನಃ!" ಮಾಸ್ಟ್ರು ಕೂಗಿದರು.

ಎರಡನೆಯ ಸಲವೂ ಅಷ್ಟೇ. ಮೂರನೆಯ ಸಲ ಗುಂಡಿನ ಸದ್ದು ಬಂದೊಡನೆ ನಾನು ಬಾಯಿ ತೆರೆಯಲಿಲ್ಲ. ಸುಮಿತ್ರಕ್ಕನ ಮುಂಗೈ ತಟ್ಟಿದೆ. ಗೋದಾಮು ಪಕ್ಕನೆ ಕತ್ತಲಾಯಿತು. ಆತ ಬಿದ್ದ ಸದ್ದು ಮಾತ್ರ ಕೇಳಿಸಿತು.

"ಈಗ ಯಾರು ಹೇಳಿದ್ದು?" ಕತ್ತಲಲ್ಲೇ ಮಾಸ್ಟ್ರ ಸ್ವರ.

"ಯಾರೂ ಹೇಳ್ಲಿಲ್ಲ. ಈ ಹುಡುಗಿ ತಟ್ಟಿದ್ದು" ಎಂದು ಸುಮಿತ್ರಕ್ಕ ಬೆಳಕು ಹಾಕಿದರು. "ಮೊದಲು ಈ ಕೆಲಸ ಮಾಡ್ತಿದ್ದವ ಕಿರುಚುದು ಪ್ರೇಕ್ಷಕರ ಮೂರನೇ ಸಾಲಿನವರೆಗೂ ಕೇಳ್ತಿತ್ತು. ಇದೇ ಒಳ್ಳೇದು."

"ಪರದೆ ಎಳೆಯುವವನಿಗೂ ಇಲ್ಲಿಂದಲೇ ಹೇಳ್ಬೇಕು, ಅವ ಆ ತುದಿಯಲ್ಲಿದ್ದಾನೆ. ಅವನನ್ನು ತಟ್ಟುದು ಹೇಗೆ?"

ಮಾಸ್ಟ್ರು ಕೇಳಿದ್ದು ನನ್ನನ್ನೇ. "ಅಲ್ಲಿಗೊಂದು ಬ... ಬಲ್ಬು ಎಳೆದು, ಸ್ವಿಚ್ಚು ಇಲ್ಲಿ ಇಟ್ರೆ?" ಎಂದೆ. ಅವರು ಆ ತುದಿಯನ್ನೊಮ್ಮೆ ನೋಡಿದರು. ಊಟಕ್ಕೆ ಬಿಟ್ಟರು.

ಕುಚ್ಚಲಕ್ಕಿ ಅನ್ನ, ಹುರುಳಿ ಸಾರು. ತಟ್ಟೆ ತೊಳೆಯುವಾಗ ಮೇಜಿನ ಮೇಲಿದ್ದ ತಂಡದ ಫೋನು ಹೊಡೆದುಕೊಂಡಿತು. ಮಾಸ್ಟ್ರು ಪಕ್ಕದಲ್ಲೇ ಇದ್ದರೂ ಕೈ ಚಾಚಲಿಲ್ಲ. "ಟಿಕೆಟಿನದ್ದು. ನೀನೇ ಎತ್ತು. ಇದಕ್ಕೆ ಬಲ್ಬು ಆಗುದಿಲ್ಲ" ಎಂದರು.

ಒದ್ದೆ ಕೈಯಲ್ಲೇ ಎತ್ತಿಕೊಂಡೆ. ಸುಬ್ರಹ್ಮಣ್ಯದಿಂದ ಒಬ್ಬರು ನಾಟಕ ಯಾವತ್ತು ಎಂದು ಕೇಳಿದರು. ಎದುರಿನ ಗೋಡೆಯ ಪೋಸ್ಟರಿನಲ್ಲಿ ಮುಂದಿನ ಭಾನುವಾರದ ತಾರೀಕಿತ್ತು. "ಭ... ಭ..." ಆಚೆಯಿಂದ "ಹಲೋ? ಹಲೋ?" ಎಂದು ಕರೆ ಕಡಿದುಹೋಯಿತು. ಫೋನು ಕೆಳಗಿಡಲು ಹೋದವಳು ಹಾಗೆ ಮಾಡದೆ ಅದೇ ನಂಬರಿಗೆ ತಿರುಗಿ ಮಾಡಿದೆ. "ಲೈನು ಸರಿ ಉಂಟು ಸರ್. ನನಗೆ ಮಾತು ನಿಧಾನ" ಎಂದೆ. ಆಮೇಲೆ 'ಭಾನುವಾರ' ಎಂಬ ಮಾತು ಬರುವವರೆಗೆ ಅವರು ಕಾದರು. ಎರಡು ಸೀಟು ಹೇಳಿದರು.

ಮಾಸ್ಟ್ರು ಪತ್ರದ ಕೆಳಗೆ ಬರೆದುಕೊಟ್ಟರು: ಸದ್ಯಕ್ಕೆ ಎರಡು ವಾರ, ಮುಂದಿನದು ಕೆಲಸ ನೋಡಿ. ಆರು ಎಂದು ಕೇಳಿದ್ದೆ. ಆದರೂ ಎರಡು ಸಲ ಓದಿ ಜೋಪಾನವಾಗಿ ಚೀಲಕ್ಕೆ ಹಾಕಿದೆ.

ಬೆಳ್ಳಾರೆ, ಪಂಜದ ದಾರಿಯಾಗಿ ಎರಡು ಬಸ್ಸು ಬದಲಿಸಿ ಕಡಬದ ಮನೆ ಮುಟ್ಟಿದಾಗ ಐದೂವರೆ. ಅಮ್ಮ ಎಲ್ಲವನ್ನೂ ಕೇಳಿ, "ನಾಟಕಕ್ಕೆ ನಾನೂ ಬರ್ತೇನೆ. ನೀನು ಸ್ಟೇಜಿನ ಮೇಲೆ ಕಾಣ್ತೀಯಾ?" ಎಂದರು.

"ಇಲ್ಲಮ್ಮ. ನಾನು ಹಿಂದೆ ಕೂತಿರ್ತೇನೆ."

"ಮತ್ತೆ ನೀನು ಮಾಡಿದ್ದು ಅಂತ ನನಗೆ ಗೊತ್ತಾಗುದು ಹೇಗೆ?"

"ಬ... ಬ..." ಅಮ್ಮ ಕಾದರು. "ಬೆಳಕು ಬದಲಾದಾಗ" ಎಂದೆ.