ಬೈ ಟು ಕಾಫಿಯ ಉಳಿದರ್ಧ

ಆ ಬೆಳಿಗ್ಗೆ ನಾಲ್ಕನೇ ಕಪ್ ಕಾಫಿಗೆ ಕೈ ಚಾಚಿದೆ. ಹಂಪಿ ಬಜಾರಿನ ಗೂಡಂಗಡಿಯ ಹುಲಿಗೆಮ್ಮ ಕಪ್ಪನ್ನು ಕೊಡದೆ ತಮ್ಮ ಕಡೆಗೇ ಎಳೆದುಕೊಂಡರು. ಆಚೆ ಪ್ರವಾಸಿಗರ ತಂಡ ನನಗಾಗಿ ಕಾಯುತ್ತಿತ್ತು. ನನಗೆ ಸಿಟ್ಟು ಬಂತು.

ನಾನು ಇಲ್ಲಿ ಗೈಡ್. ನನಗೆ ಎಡಿಎಚ್‌ಡಿ ಇದೆ, ಗಮನ ಒಂದು ಕಡೆ ನಿಲ್ಲುವುದಿಲ್ಲ. ಕಾಫಿ ಕುಡಿದರೆ ತಲೆ ಸ್ವಲ್ಪ ತಹಬಂದಿಗೆ ಬರುತ್ತದೆ. ಅದನ್ನೇ ಅವರಿಗೆ ಹೇಳಿದೆ.

“ಮೊದ್ಲನೇ ಕಪ್ಪಿಗೆ ಸಮಾಧಾನ ಆಗ್ತೀರಿ, ನಾನೂ ನೋಡೀನಿ. ನಾಕನೇದಕ್ಕ ಕೈ ನಡುಗ್ತಾವು. ನಿನ್ನೆ ಅದೇ ಗಡಿಬಿಡಿಯಾಗ ನಿಮ್ಮ ತಂಡದ ಇಬ್ರು ವಯಸ್ಸಾದೋರ್ನ ಬಿಟ್ಟು ಹೋದ್ರಿ. ಒಂದ್ ತಾಸು ಇದೇ ಬೆಂಚಿನ ಮ್ಯಾಲೆ ಕುಂತು ನಿಮ್ಮ ದಾರಿ ನೋಡಿದ್ರು” ಎಂದರು.

ಆ ದಂಪತಿ ಸುಸ್ತಾಗಿ ತಾವೇ ಹಿಂದೆ ಉಳಿದರು ಎಂದು ನಾನು ಎಲ್ಲರಿಗೂ ಹೇಳಿದ್ದೆ. ನನಗೂ ಹಾಗೇ ಹೇಳಿಕೊಂಡಿದ್ದೆ. ಕಾಫಿ ಔಷಧಿಯಲ್ಲ, ಮಿತಿಯಲ್ಲಿರಲಿ, ತಪ್ಪದೆ ಬಂದು ಕಾಣಿ ಎಂದಿದ್ದ ಹೊಸಪೇಟೆಯ ವೈದ್ಯರ ಬಳಿಗೆ ಹೋಗದೆ ಆರು ತಿಂಗಳಾಗಿತ್ತು.

ಹುಲಿಗೆಮ್ಮ ಆ ಕಾಫಿಯನ್ನು ನನ್ನೆದುರೇ ಕುಡಿದು ಮುಗಿಸಿದರು. “ನಾಳಿಂದ ನಿಮಗ ಬೈ ಟು. ಉಳಿದರ್ಧ ನಂದು.”

ಮರುದಿನವೇ ವೈದ್ಯರನ್ನು ಕಂಡೆ. ಅವರನ್ನು ಕೇಳಿಯೇ ಈಗ ಬೆಳಿಗ್ಗೆ ಅರ್ಧ ಕಪ್, ಮಧ್ಯಾಹ್ನ ಅರ್ಧ ಕಪ್. ಎಷ್ಟೇ ಆಸೆಯಾದರೂ ಅದಕ್ಕಿಂತ ಹೆಚ್ಚಿಲ್ಲ. ಹೊರಡುವ ಮುನ್ನ ತಂಡದವರನ್ನು ಒಬ್ಬೊಬ್ಬರಾಗಿ ಎಣಿಸುತ್ತೇನೆ. ಅಂಗಡಿಯಲ್ಲಿ ಉಳಿದರ್ಧ ಕಪ್ ಹಿಡಿದ ಹುಲಿಗೆಮ್ಮನೂ ತುಟಿ ಅಲುಗಿಸುತ್ತ ಎಣಿಸುತ್ತಿರುತ್ತಾರೆ.