ಎಳೆಯದೆ ಬಿಟ್ಟ ಹಗ್ಗ

ಆ ದಿನ ನಾನು ಹಗ್ಗ ಎಳೆಯಲಿಲ್ಲ, ಗೌರಕ್ಕ. ಎರಡು ಸಲ ಎಳೆದೆ ಎಂದು ನಿಮ್ಮ ಮುಖ ನೋಡಿಕೊಂಡೇ ಹೇಳಿದ್ದು ಸುಳ್ಳು. ಒಂದು ಸಲವೂ ಎಳೆಯಲಿಲ್ಲ — ಮುಟ್ಟಲೂ ಇಲ್ಲ.

ನಿಮಗೆ ಗೊತ್ತಿರುವುದನ್ನೂ ಬಿಡಿಸಿ ಬರೆಯುತ್ತೇನೆ, ಏಕೆಂದರೆ ಈ ಕಾಗದವನ್ನು ಬೇರೆಯವರೂ ಓದಬೇಕು. ಪಕ್ಕದಲ್ಲಿ ನಿಂತು ಕೂಗಿದರೆ ಮಾತ್ರ ನಿಮಗೆ ಕೇಳಿಸುತ್ತದೆ. ಬಾಗಿಲು ಬಡಿದು ಪ್ರಯೋಜನವಿಲ್ಲವೆಂದು ನೀವೇ ಕಿಟಕಿಯಿಂದ ಬೀದಿಗೆ ಒಂದು ಹಗ್ಗ ಇಳಿಬಿಟ್ಟಿದ್ದಿರಿ. ಅದನ್ನು ಎಳೆದರೆ ಒಳಗೆ ತೂಗುಹಾಕಿದ ಕೆಂಪು ಬಟ್ಟೆ ಅಲ್ಲಾಡುತ್ತಿತ್ತು, ನೀವು ಎದ್ದು ಬರುತ್ತಿದ್ದಿರಿ. ಹಾಲಿನವನು, ಹೂವಿನವಳು, ಸಿಲಿಂಡರ್ ತರುವವನು — ಬೀರೂರಿನ ನಮ್ಮ ಬೀದಿಯಲ್ಲಿ ಎಲ್ಲರಿಗೂ ಆ ಹಗ್ಗದ ಬಳಕೆಯಿತ್ತು. ಬೀದಿಯ ಕೊನೆಯ ಮನೆ ನಿಮ್ಮದು, ಮೊದಲ ಕಟ್ಟಡ ನನ್ನ ಹಿಟ್ಟಿನ ಗಿರಣಿ.

ಜಗಳವೂ ಹಿಟ್ಟಿನದೇ. ರಾಗಿ ಬೀಸಿಸಿಕೊಂಡು ಹೋದ ನೀವು ಮರುದಿನ ಬಂದು, "ಲೇ ಷಡಕ್ಷರಿ, ಸತಿಸತಿಗೂ ನನ್ನ ಹಿಟ್ಟಲ್ಲಿ ಬೊಗಸೆ ಕಮ್ಮಿ ಬತ್ತದೆ ಕಣೋ!" ಅಂದಿರಿ. ಕಿವಿ ಕೇಳದವರಿಗೆ ಮೆಲ್ಲಗೆ ಮಾತಾಡಲು ಬರುವುದಿಲ್ಲ. ಗಿರಣಿ ಮುಂದೆ ನಿಂತವರೆಲ್ಲ ನಕ್ಕರು. ನನಗೆ ಮೈಯೆಲ್ಲ ಉರಿದುಹೋಯಿತು — ನೀವು ಹೇಳಿದ್ದು ನಿಜವಾಗಿತ್ತಲ್ಲ, ಅದಕ್ಕೆ. ಎಲ್ಲರ ಹಿಟ್ಟಿನಿಂದಲೂ ತೆಗೆಯುತ್ತಿದ್ದೆ. ಬಾಯಿಬಿಟ್ಟು ಹೇಳಿದವರು ನೀವೊಬ್ಬರೇ. ಅಂದಿನಿಂದ ನಿಮ್ಮನ್ನು ಕಂಡರೆ ಮುಖ ತಿರುಗಿಸಿಕೊಳ್ಳುತ್ತಿದ್ದೆ.

ಬಂಗಾಳ ಕೊಲ್ಲಿಯಲ್ಲಿ ಚಂಡಮಾರುತ ಎದ್ದಿದೆಯೆಂದು ಟಿವಿಯವರು ಬಡಿದುಕೊಳ್ಳುವಾಗ ಗಿರಣಿಯಲ್ಲಿ ಕೂತು ತಮಾಷೆ ಮಾಡಿದ್ದೆವು — ಸಮುದ್ರ ಎಲ್ಲಿ, ಬೀರೂರು ಎಲ್ಲಿ! ಮೂರು ದಿನ ಮಳೆ ಬಿಡದೆ ಹುಯ್ಯಿತು. ಕೆರೆ ಕೋಡಿ ಬಿದ್ದಾಗ ಜನ ಫೋಟೊ ತೆಗೆಸಿಕೊಳ್ಳಲು ಹೋದರು. ಮೂರನೆಯ ದಿನ ಮಧ್ಯಾಹ್ನ ಏರಿಯ ಮೇಲಿದ್ದ ಗೆಳೆಯ ಫೋನ್ ಮಾಡಿದ: "ಏರಿ ಕುಸೀತಾ ಅದೆ ಕಣೋ, ನಿಮ್ ಬೀದಿಯೋರ್ನೆಲ್ಲ ಹೊರಡ್ಸು, ಟೈಮಿಲ್ಲ."

ನಾನು ಓಡಿದೆ. ಅದನ್ನು ಜನ ಇವತ್ತಿಗೂ ಹೊಗಳುತ್ತಾರೆ. ಒಂದೊಂದೇ ಬಾಗಿಲು ಬಡಿದೆ, ಮಕ್ಕಳನ್ನು ಎತ್ತಿ ಆಟೋಗೆ ಹತ್ತಿಸಿದೆ. ನಿಮ್ಮ ಕಿಟಕಿಯ ತನಕವೂ ಬಂದೆ. ಹಗ್ಗ ನೆನೆದು ಗೋಡೆಗೆ ಅಂಟಿಕೊಂಡಿತ್ತು. ಒಳಗೆ ನಿಮ್ಮ ಯಜಮಾನರು, ಲಕ್ವ ಹೊಡೆದು ಹಾಸಿಗೆ ಹಿಡಿದ ಬಸಪ್ಪಣ್ಣ ಇದ್ದಾರೆಂಬುದು ನನಗೆ ಗೊತ್ತಿತ್ತು — ಮರೆತಿರಲಿಲ್ಲ. ಇವಳ ಹಿಟ್ಟಿನ ಡಬ್ಬಕ್ಕೂ ಸ್ವಲ್ಪ ನೀರು ನುಗ್ಗಲಿ ಅಂದುಕೊಂಡೆ. ಹಾಗೇ ಹಿಂತಿರುಗಿದೆ. ಎದುರು ಸಿಕ್ಕ ಹೂವಿನ ಪಾರ್ವತಮ್ಮ "ಗೌರಕ್ಕಂಗೆ ಹೇಳಿದ್ಯಾ?" ಎಂದು ಕೇಳಿದರೆ ಹ್ಞೂಂ ಅಂದೆ. ಪಾಪ, ಅವಳು ನನ್ನನ್ನು ನಂಬಿ ಹೋದಳು.

ನೀರು ಎದೆಮಟ್ಟ ಬಂತು. ಬೀದಿಯವರೆಲ್ಲ ಶಾಲೆಯ ಮಹಡಿಯಲ್ಲಿ ಅವರವರ ಮನೆ ಮುಳುಗುವುದನ್ನು ನೋಡುತ್ತ ಕೂತೆವು. ಸಂಜೆ ದೋಣಿಯವರು ನಿಮ್ಮ ಬಾಗಿಲು ಒಡೆದಾಗ ನೀವು ಬಸಪ್ಪಣ್ಣನ ತಲೆಯನ್ನು ಹೆಗಲ ಮೇಲೆ ಹೊತ್ತು ನಿಂತಿದ್ದಿರಂತೆ. ಎಷ್ಟು ಹೊತ್ತಿನಿಂದಲೋ. ಅವರ ಎದೆಯೊಳಕ್ಕೆ ನೀರು ಹೋಗಿತ್ತು, ಆರನೆಯ ದಿನ ತೀರಿಕೊಂಡರು.

ನೀವು ಕೇಳಿದ್ದು ಆಸ್ಪತ್ರೆಯ ವರಾಂಡದಲ್ಲಿ. "ಹಗ್ಗ ಎಳ್ದಿದ್ಯಾ ಷಡಕ್ಷರಿ?" ಸುತ್ತ ಬೀದಿಯವರಿದ್ದರು. ನಾನು ಎರಡು ಬೆರಳೆತ್ತಿ ತೋರಿಸಿ ಕೂಗಿದೆ — "ಎರಡು ಸತಿ ಎಳ್ದೆ ಕಣಕ್ಕ, ನೀವು ಮಲಗಿದ್ರೇನೋ!" "ನಾನೆಲ್ಲೋ ಮಲಗಿದ್ದೆ?" ಎಂದಿರಿ ಮೊದಲು. ಆಮೇಲೆ ಆ ಮಧ್ಯಾಹ್ನದ ಹೊತ್ತನ್ನು ಬೆರಳಲ್ಲಿ ಎಣಿಸತೊಡಗಿದಿರಿ. ಮಣ್ಣು ಮಾಡುವ ದಿನ ಚೌಳಹಿರಿಯೂರಿನಿಂದ ಬಂದಿದ್ದ ನಿಮ್ಮ ಮೈದುನ "ಇವ್ಳ ನಿದ್ದೇನೇ ನಮ್ಮಣ್ಣನ್ನ ತಿಂತು" ಎಂದು ಎಲ್ಲರೆದುರು ಅರಚಿದಾಗ, "ಹೂಂ ಕಣಪ್ಪ, ಕಣ್ಣು ಅಂಟ್ಕಂಡಿರ್ಬೇಕು" ಎಂದು ಒಪ್ಪಿಕೊಂಡುಬಿಟ್ಟಿರಿ. ನಾನು ಅಲ್ಲೇ ಇದ್ದೆ. ನನ್ನ ಪಾಲಿನ ಮಣ್ಣು ಹಾಕಿ ಕೈ ಕೊಡವಿಕೊಂಡೆ.

ವರ್ಷಗಳಾದವು. ನೀವು ಹಗಲು ಮಲಗುವುದಿಲ್ಲ. ಜ್ವರ ಬಂದಾಗಲೂ ಗೋಡೆಗೆ ಒರಗಿ ಕೂತೇ ಇರುತ್ತೀರಂತೆ. ಹೋದ ತಿಂಗಳು ರಾಗಿ ತಂದಾಗ ಹೇಳಿಬಿಡೋಣವೆಂದು ಬಾಯಿ ತೆರೆದೆ — ಆದರೆ ನಿಮಗೆ ಕೇಳಿಸಬೇಕಾದರೆ ಬೀದಿಗೆಲ್ಲ ಕೇಳಿಸಬೇಕು. ಮೆಲ್ಲಗೆ ಹೇಳಿದೆ. "ಏನಂದೆ?" ಅಂದಿರಿ. "ನಾಳೆ ಬನ್ನಿ" ಎಂದು ಕೂಗಿದೆ. ಇಂಥ ಹೇಡಿ ನಾನು.

ಅದಕ್ಕೇ ಈ ಕಾಗದ. ಇದರದೇ ಒಂದು ಪ್ರತಿಯನ್ನು ನಿಮ್ಮ ಮೈದುನನ ಕೈಗೆ ಕೊಟ್ಟು ಬಂದಿದ್ದೇನೆ. ಇದನ್ನು ನಿಮಗೆ ಕೊಟ್ಟು, ನೀವು ಓದಿ ಮುಗಿಸುವವರೆಗೆ ಎದುರಿಗೇ ನಿಂತಿರುತ್ತೇನೆ. ಕ್ಷಮಿಸಿ ಎಂದು ಕೇಳುವುದಿಲ್ಲ. ಆ ಬಾಯಿ ನನಗಿಲ್ಲ.

ಇನ್ನೊಂದು ಹೇಳುವುದಿದೆ — ಆ ಮಧ್ಯಾಹ್ನ ಕಿಟಕಿಯ ಮಗ್ಗುಲಲ್ಲಿ ನಿಂತು ಒಳಗೆ ಇಣುಕಿದ್ದೆ. ನೀವು ಬಸಪ್ಪಣ್ಣನ ಕೈ ಹಿಡಿದುಕೊಂಡು ಉಗುರು ಕತ್ತರಿಸುತ್ತಿದ್ದಿರಿ. ಒಂದೊಂದು ಬೆರಳಾದ ಮೇಲೂ ತಲೆಯೆತ್ತಿ ಆ ಕೆಂಪು ಬಟ್ಟೆಯ ಕಡೆ ನೋಡುತ್ತಿದ್ದಿರಿ. ನೀವು ಮಲಗಿರಲಿಲ್ಲ, ಅಕ್ಕ.