ಚೂಡಾಮಣಿಯವರು ಗಯೆಯಲ್ಲಿ ಬಿಟ್ಟದ್ದು

ಚೂಡಾಮಣಿಯವರನ್ನು ನಾನು ಮೊದಲು ಕಂಡದ್ದು ಮಗಳ ಮದುವೆಯ ಸೀರೆಗಳಿಗೆ ಕುಚ್ಚು ಕಟ್ಟಿಸಲು ಹೋದ ದಿನ. ನನ್ನ ನಿವೃತ್ತಿಗೆ ಆಗ ಇನ್ನೆರಡು ವರ್ಷವಿತ್ತು. ಶಾಲೆ ಮುಗಿಸಿಕೊಂಡು, ಹೆಂಡತಿ ಬೆಳಿಗ್ಗೆಯೇ ಕೈಗೆ ಕೊಟ್ಟಿದ್ದ ಚೀಲವನ್ನು ಹಿಡಿದು, ಮಲ್ಲೇಶ್ವರದ ಹದಿನೇಳನೆಯ ಅಡ್ಡರಸ್ತೆಯ ಒಂದು ವಠಾರದ ಕೊನೆಯ ಮನೆಗೆ ಹೋದೆ. ಸುಮಾರು ಐವತ್ತು ವರ್ಷದ ಹೆಂಗಸೊಬ್ಬರು ಬಾಗಿಲ ಬೆಳಕಿಗೆ ಮುಖ ಮಾಡಿ, ಮೊಣಕಾಲಿನ ಮೇಲೆ ಸೆರಗೊಂದನ್ನು ಹರಡಿಕೊಂಡು ಕುಳಿತಿದ್ದರು.

“ಏನು ಮೇಷ್ಟ್ರೇ, ರೇಷ್ಮೆ ಸೀರೆನ ಹೀರೆಕಾಯಿ ತಂದ ಹಾಗೆ ತಂದಿದೀರಲ್ಲ!”

“ನಾನು ಮೇಷ್ಟ್ರು ಅಂತ ಯಾರು ಹೇಳಿದ್ರು?”

“ನಿಮ್ಮ ತೋಳಿನ ಮೇಲಿರೋ ಸೀಮೆಸುಣ್ಣ ಹೇಳ್ತು. ನಲ್ಲಿ ಅಲ್ಲಿದೆ. ಕೈ ತೊಳ್ಕೊಂಡು ಆಮೇಲೆ ಸೀರೆ ಮುಟ್ಟಿ.”

ಸೆರಗಿನ ಅಂಚಿನ ಎಳೆಗಳಿಗೆ ಸೂಜಿಯಿಂದ ರೇಷ್ಮೆ ದಾರ ಸೇರಿಸಿ, ಗಂಟು ಹಾಕಿ, ಪುಟ್ಟ ಗೊಂಡೆಗಳಂತೆ ಇಳಿಬಿಡುವುದೇ ಕುಚ್ಚು. ಅದರಲ್ಲಿಯೂ ಬೇಬಿ ಕುಚ್ಚು ಎಂಬುದು ಬಲು ಚಿಕ್ಕದು. ಒಂದೊಂದು ಸೆರಗಿಗೆ ನೂರಕ್ಕೂ ಮಿಕ್ಕು ಬೇಕು. ಚೂಡಾಮಣಿಯವರು ನನ್ನೊಡನೆ ಮಾತನಾಡುತ್ತ, ಬೀದಿಯಲ್ಲಿ ಹೋಗುವವರನ್ನು ನೋಡುತ್ತ, ಬೆರಳ ತುದಿಯಿಂದಲೇ ಗಂಟಿನ ಬಿಗಿಯನ್ನು ತಿಳಿದುಕೊಳ್ಳುತ್ತಿದ್ದರು. ಗಂಡ ಚಾಮರಾಜಪೇಟೆಯ ಒಂದು ಮುದ್ರಣಾಲಯದಲ್ಲಿ ಗುಮಾಸ್ತರಾಗಿದ್ದು ಬೇಗ ತೀರಿಕೊಂಡಿದ್ದರು. ಮಕ್ಕಳಿರಲಿಲ್ಲ. ಆ ಹತ್ತು ಬೆರಳುಗಳ ಬಲದಿಂದ ಅವರು ಯಾರ ಮನೆಯ ಹಂಗೂ ಇಲ್ಲದೆ ಬದುಕಿದ್ದರು.

ನಮ್ಮ ಎರಡು ಮನೆಗಳಿಗೂ ಬಳಕೆ ಬೆಳೆಯಿತು. ನಮ್ಮ ಮನೆಗೆ ಬಂದರೆ ಅವರಿಗೆ ಸಾರನ್ನಕ್ಕಿಂತ ಮೊಸರನ್ನದ ಮೇಲೆಯೇ ಪ್ರೀತಿ. “ಸಾರು ನೀವೇ ಹಾಕ್ಕೊಳ್ಳಿ, ನಂಗೆ ಮೊಸರಿನ ಪಾತ್ರೆ ಈ ಕಡೆ ತಳ್ಳಿ” ಎನ್ನುತ್ತಿದ್ದರು.

೨೦೧೮ರಲ್ಲಿ ಅವರ ಮೈದುನ, ಅಣ್ಣನ ಶ್ರಾದ್ಧವನ್ನು ಗಯೆಯಲ್ಲಿ ಮಾಡಲು ಹೊರಟಾಗ ಇವರನ್ನೂ ಕರೆದೊಯ್ದರು. ಅಲ್ಲಿಯ ಅಕ್ಷಯವಟದ ಕೆಳಗೆ, ತನಗೆ ಇಷ್ಟವಾದ ತಿನಿಸೊಂದನ್ನು ಜೀವನಪೂರ್ತಿ ಬಿಡುತ್ತೇನೆಂದು ಸಂಕಲ್ಪ ಮಾಡುವ ಪದ್ಧತಿಯಿದೆ. ನನ್ನ ಬಂಧುಗಳಲ್ಲಿ ಹೆಚ್ಚಿನವರು ಹಾಗಲಕಾಯಿಯನ್ನೋ ಪರಂಗಿ ಹಣ್ಣನ್ನೋ ಬಿಟ್ಟು ಬಂದವರು. ಚೂಡಾಮಣಿಯವರು ಹಾಲನ್ನು ಬಿಟ್ಟು ಬಂದರು.

“ಹಾಲು ಬಿಟ್ಟಿರಿ ಸರಿ, ಮೊಸರಾದ್ರೂ ಬಡಿಸ್ಲಾ?” ಎಂದು ನನ್ನ ಹೆಂಡತಿ ಕೇಳಿದಳು.

“ಹಾಲೇ ಬಿಟ್ಟಮೇಲೆ ಮೊಸರು ಯಾವ ಮರದಲ್ಲಿ ಬಿಡುತ್ತೆ? ದೇವರ ಹತ್ರ ವಕೀಲಿ ಮಾಡಬೇಡಿ. ಸಾರನ್ನವೇ ಸಾಕು.”

ನಾಲ್ಕು ವರ್ಷ ಏನೂ ಆಗಲಿಲ್ಲ. ಅನಂತರ ಅವರಿಗೆ ಸುಸ್ತು ಆರಂಭವಾಯಿತು. ಸಂಪಿಗೆ ರಸ್ತೆಯಿಂದ ದಾರ ಕೊಂಡು ಬರುವುದರೊಳಗೆ ಎರಡು ಕಡೆ ಕುಳಿತು ಏಳುತ್ತಿದ್ದರು. ನಾಲಿಗೆ ಉರಿಯುತ್ತಿತ್ತು. ಮುಖ ಬಿಳಿಚಿಕೊಂಡಿತ್ತು. ಮಧ್ಯಾಹ್ನ ಎಂದೂ ಮಲಗದಿದ್ದವರು ಸೀರೆಯನ್ನು ಪಕ್ಕಕ್ಕಿಟ್ಟು ಚಾಪೆಯ ಮೇಲೆ ಉರುಳಿಕೊಳ್ಳುವಂತಾದರು.

ನಾನು ಮೂವತ್ತನಾಲ್ಕು ವರ್ಷ ಮಕ್ಕಳಿಗೆ ವಿಜ್ಞಾನ ಪಾಠ ಹೇಳಿದವನು. ರಕ್ತಕ್ಕೆ ಕಬ್ಬಿಣ, ಮೂಳೆಗೆ ಸುಣ್ಣ, ಕಣ್ಣಿಗೆ ಎ ಜೀವಸತ್ತ್ವ ಎಂದು ಕಪ್ಪುಹಲಗೆಯ ಮೇಲೆ ಎಷ್ಟು ಸಲ ಬರೆದಿದ್ದೆನೋ. “ರಕ್ತ ಕಡಿಮೆಯಾಗಿದೆ ಅಷ್ಟೇ, ಹೆದರಬೇಡಿ” ಎಂದು ಹೇಳಿದೆ. ನುಗ್ಗೆಸೊಪ್ಪು ತಿನ್ನಲು ಹೇಳಿದೆ. ಔಷಧದ ಅಂಗಡಿಯಿಂದ ಕಬ್ಬಿಣ ಮತ್ತು ಫೋಲಿಕ್ ಆಮ್ಲ ಕೂಡಿದ ಕೆಂಪು ಮಾತ್ರೆಗಳನ್ನು ನಾನೇ ತಂದುಕೊಟ್ಟೆ.

ಎರಡು ತಿಂಗಳಲ್ಲಿ ಮುಖಕ್ಕೆ ಬಣ್ಣ ಬಂತು. ಮಧ್ಯಾಹ್ನದ ನಿದ್ದೆ ನಿಂತಿತು. “ಮೇಷ್ಟ್ರ ಮಾತ್ರೆ ತಗೊಳ್ರೀ, ಡಾಕ್ಟ್ರು ಯಾಕೆ?” ಎಂದು ವಠಾರದಲ್ಲೆಲ್ಲ ಹೇಳಿಕೊಂಡು ತಿರುಗಿದರು. ನನಗೂ ಹೆಮ್ಮೆಯಾಯಿತು. ಅಂಗಾಲಿನಲ್ಲಿ ಇರುವೆ ಹರಿದಂತೆ ಆಗುತ್ತದೆ ಎಂದು ನಡುವೆ ಒಂದು ದಿನ ಅವರು ಹೇಳಿದ್ದುಂಟು. ನೆಲದ ಮೇಲೆ ಬಹಳ ಹೊತ್ತು ಕೂರುವವರಿಗೆ ಅದು ಸಹಜ ಎಂದೆ.

ಹೀಗೆಯೇ ಎಂಟು ತಿಂಗಳು ಕಳೆದವು. ಕೊನೆಕೊನೆಗೆ ನಡೆಯುವಾಗ ಅವರ ಕಾಲು ತೊಡರುತ್ತಿತ್ತು. ಒಂದು ಬೆಳಿಗ್ಗೆ ಮದುವೆಮನೆಯವರೊಬ್ಬರು ಬಿಳಿಯ ಧಾರೆ ಸೀರೆಯೊಂದನ್ನು ಹಿಂದಕ್ಕೆ ತಂದರು. ಸೆರಗಿನ ಉದ್ದಕ್ಕೂ ಸಾಸಿವೆ ಕಾಳಿನಷ್ಟು ಕಂದು ಕಲೆಗಳಿದ್ದವು. ಅದು ರಕ್ತ. ಸೂಜಿ ಬೆರಳಿಗೆ ಚುಚ್ಚಿಕೊಂಡದ್ದು ಚೂಡಾಮಣಿಯವರಿಗೆ ತಿಳಿದೇ ಇರಲಿಲ್ಲ, ಒಂದು ಸಲವಲ್ಲ, ಹನ್ನೊಂದು ಸಲ. ಕುಚ್ಚುಗಳಲ್ಲಿ ಅರ್ಧ ಸಡಿಲವಾಗಿದ್ದವು. ಬಂದವರು ಬೈಯಲಿಲ್ಲ. ಸೀರೆಯನ್ನು ಅಲ್ಲಿಯೇ ಬಿಟ್ಟು ಹೊರಟುಹೋದರು.

ಅಂದೇ ನಾನೂ ನನ್ನ ಹೆಂಡತಿಯೂ ಅವರನ್ನು ನರರೋಗದ ವೈದ್ಯರೊಬ್ಬರ ಬಳಿಗೆ ಕರೆದುಕೊಂಡು ಹೋದೆವು. ರಕ್ತಪರೀಕ್ಷೆಯ ವರದಿ ಬಂದ ಮೇಲೆ ವೈದ್ಯರು ನಿಧಾನವಾಗಿ ವಿವರಿಸಿದರು. ಬಿ ಹನ್ನೆರಡು ಎಂಬ ಜೀವಸತ್ತ್ವ ರಕ್ತಕ್ಕೂ ಬೇಕು, ನರಕ್ಕೂ ಬೇಕು. ಸೊಪ್ಪು, ಕಾಳು, ಹಣ್ಣುಗಳಲ್ಲಿ ಅದು ಸಿಗುವುದಿಲ್ಲ. ಮಾಂಸ ಮೊಟ್ಟೆ ಮುಟ್ಟದವರಿಗೆ ಅದು ಬರುವುದು ಹೆಚ್ಚಾಗಿ ಹಾಲು ಮೊಸರಿನಿಂದಲೇ. ಹಾಲು ಬಿಟ್ಟರೂ ಯಕೃತ್ತಿನಲ್ಲಿ ಕೂಡಿಟ್ಟದ್ದು ಕೆಲವು ವರ್ಷ ನಡೆಸುತ್ತದೆ; ಅದು ಮುಗಿದಾಗ ಮೊದಲು ಸುಸ್ತು ಕಾಣುತ್ತದೆ.

“ಸುಸ್ತು ಬಂದಾಗಲೇ ಬರಬಾರದಿತ್ತಾ ಅಮ್ಮ?”

“ಮಾತ್ರೆ ತಗೊಂಡೆ ಡಾಕ್ಟ್ರೇ, ಹೋಯ್ತು.”

ಚೂಡಾಮಣಿಯವರು ಚೀಲದಿಂದ ತೆಗೆದುಕೊಟ್ಟ ಮಾತ್ರೆಗಳ ಖಾಲಿ ಸ್ಟ್ರಿಪ್ಪನ್ನು ವೈದ್ಯರು ತಿರುಗಿಸಿ ನೋಡಿದರು. “ಇದರಲ್ಲಿರೋ ಫೋಲಿಕ್ ಆಮ್ಲ ರಕ್ತ ಸರಿ ಮಾಡಿಬಿಡ್ತು. ಅದಕ್ಕೇ ಸುಸ್ತು ಹೋಯ್ತು. ನರ ಮಾತ್ರ ಒಳಗೊಳಗೇ ಕೆಡ್ತಾ ಇತ್ತು. ಇದನ್ನ ಯಾರು ಬರೆದುಕೊಟ್ಟಿದ್ದು?”

ನಾನು ಪಕ್ಕದ ಕುರ್ಚಿಯಲ್ಲಿಯೇ ಇದ್ದೆ.

“ಯಾರೂ ಇಲ್ಲ. ನಾನೇ ಅಂಗಡೀಲಿ ಕೇಳಿ ತಗೊಂಡೆ” ಎಂದರು ಚೂಡಾಮಣಿಯವರು.

ಚುಚ್ಚುಮದ್ದು ಶುರುವಾಯಿತು. ಮೊದಲು ದಿನ ಬಿಟ್ಟು ದಿನ, ಆಮೇಲೆ ವಾರಕ್ಕೊಂದು, ಈಗ ತಿಂಗಳಿಗೊಂದು. ಅದು ಹಾಲಲ್ಲವಾದ್ದರಿಂದ ಗಯೆಯ ಮಾತಿಗೆ ಭಂಗವಿಲ್ಲ. ಮೊಸರನ್ನು ಅವರು ಇಂದಿಗೂ ಮುಟ್ಟುವುದಿಲ್ಲ. ನಾಲಿಗೆಯ ಉರಿ ಹೋಯಿತು. ನಡಿಗೆಯ ತೊಡರು ಅರ್ಧ ಸರಿಹೋಯಿತು. ಬೆರಳಿಗೆ ಅರಿವು ಮರಳಲಿಲ್ಲ. ಆರು ತಿಂಗಳು ನೋಡೋಣ ಎಂದಿದ್ದ ವೈದ್ಯರು ವರ್ಷದ ಕೊನೆಗೆ, ಇನ್ನು ಬರುವ ಲಕ್ಷಣವಿಲ್ಲ ಎಂದರು.

ತಡೆಯಲಾರದೆ ಒಂದು ದಿನ ಕೇಳಿಯೇಬಿಟ್ಟೆ. “ಅವತ್ತು ನನ್ನ ಹೆಸರು ಯಾಕೆ ಹೇಳಲಿಲ್ಲ ನೀವು?”

“ಹೇಳಿದ್ರೆ ಬೆರಳು ಬರ್ತಿತ್ತಾ? ಸುಮ್ನಿರಿ ಮೇಷ್ಟ್ರೇ.” ಅವರೇ ಮುಂದುವರಿಸಿದರು: “ಮೈಗೆ ಈಗ ದಣಿವೇ ಇಲ್ಲ ನೋಡಿ. ನಾಲ್ಕಕ್ಕೇ ಎಚ್ಚರ ಆಗುತ್ತೆ. ಇಷ್ಟು ಶಕ್ತಿ ಇಟ್ಕೊಂಡು ಏನ್ ಮಾಡ್ಲಿ, ಹೇಳಿ?”



ಕಳೆದ ವರ್ಷ ವಠಾರದ ಮನೆಯನ್ನು ಬಿಟ್ಟು ಮತ್ತಿಕೆರೆಯ ಮೈದುನನ ಮನೆಗೆ ಹೋದರು. ಕೆಟ್ಟದಾಗಿ ನೋಡಿಕೊಳ್ಳುವ ಜನವಲ್ಲ. ಆದರೂ ಊಟಕ್ಕೆ ಕರೆದ ಮೇಲೆ ಇನ್ನೊಮ್ಮೆ ಕರೆಯುವವರೆಗೂ ಚೂಡಾಮಣಿಯವರು ಏಳುವುದಿಲ್ಲ. ಕರೆಸಿಕೊಂಡು ಉಣ್ಣುವುದು ಅವರಿಗೆ ಇನ್ನೂ ಅಭ್ಯಾಸವಾಗಿಲ್ಲ.

ಹೋದ ವಾರ ನೋಡಿಕೊಂಡು ಬಂದೆ. ಮಹಡಿಯ ಮೆಟ್ಟಿಲಿನ ಮೇಲೆ ಹಳೆಯ ನೂಲಿನ ಸೀರೆಯೊಂದರ ತುಂಡನ್ನು ಹಿಡಿದು ಕುಳಿತಿದ್ದರು. ಸೂಜಿಯಿಲ್ಲ, ಬರಿಗೈಯಲ್ಲಿ ನಾಲ್ಕು ನಾಲ್ಕು ಎಳೆಗಳನ್ನು ಕೂಡಿಸಿ, ಕಣ್ಣನ್ನು ಬಟ್ಟೆಯ ಹತ್ತಿರಕ್ಕೆ ಒಯ್ದು, ತುಟಿ ಕಚ್ಚಿ ಗಂಟು ಹಾಕುತ್ತಾರೆ. ಯುಗಾದಿಯ ಮಾರನೆಯ ದಿನ ಹಿಡಿದ ತುಂಡಂತೆ. ದಸರೆ ಹತ್ತಿರ ಬಂದಿದೆ, ಇನ್ನೂ ಒಂದು ಗೇಣು ಆಗಿಲ್ಲ. ಎಳೆದು ನೋಡುತ್ತಾರೆ. ಗಂಟು ಜಾರುತ್ತದೆ. ಬಿಚ್ಚಿ, ಅದೇ ನಾಲ್ಕು ಎಳೆಗಳನ್ನು ಮತ್ತೆ ಹುಡುಕುತ್ತಾರೆ.